ಯಮ್ಮೆಲ್ಲೆಗೆ ‘ಎ’ಯೋ ‘ಆ್ಯನ್’ಓ?

ಹಾಸನದ ಹೊಸ ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಬರುವ ದಾರಿಯುದ್ದಕ್ಕೂ ವಿದ್ಯುತ್ ಕಂಬಗಳಿಗೆ ಸ್ಪೋಕನ್ ಇಂಗ್ಲಿಷ್ ತರಗತಿಗಳ ಫಲಕಗಳನ್ನು ಬಿಗಿದಿದ್ದಾರೆ. ಮೊದಲ ಕಂಬದವರು ತೊಂಬತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್ ಕಲಿಸುತ್ತಾರೆ, ಎರಡನೆಯವರು ಅರವತ್ತು ದಿನಗಳಲ್ಲಿ, ಔಷಧದ ಅಂಗಡಿಯ ಎದುರಿನ ಕಂಬದವರು ಮೂವತ್ತೇ ದಿನಗಳಲ್ಲಿ; ಇದೇ ಲೆಕ್ಕದಲ್ಲಿ ಇನ್ನೊಂದು ಫರ್ಲಾಂಗು ನಡೆದರೆ ಇಂಗ್ಲಿಷ್ ನಮಗೆ ಕಳೆದ ವಾರವೇ ಬಂದುಬಿಟ್ಟಿರಬೇಕು. ಶುಲ್ಕವನ್ನು ಕಂಬದವರಿಗೆ ಕಟ್ಟಿ, ಸಂಶಯಗಳನ್ನು ಮಾತ್ರ ನನ್ನ ಜಗಲಿಗೆ ತರುವುದು ನಮ್ಮ ಬೀದಿಯ ಸಂಪ್ರದಾಯ. ಪತ್ರಿಕೆಗೆ ಬರೆಯುವವನಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂಬುದು ಅವರ ನಂಬಿಕೆ. ಕನ್ನಡ ಬರುತ್ತದೆಯೇ ಎಂದು ಈವರೆಗೆ ಯಾರೂ ವಿಚಾರಿಸಿಲ್ಲ.

ಹೀಗೆ ಬರುವವರಲ್ಲಿ ಆಲೂರು ತಾಲ್ಲೂಕಿನ ಒಬ್ಬ ಹುಡುಗನಿದ್ದಾನೆ. ಬಿ.ಕಾಂ. ಮುಗಿಸಿ, ಇಲ್ಲೊಂದು ಕೊಠಡಿ ಹಿಡಿದು, ಸಂದರ್ಶನಗಳಿಗೆ ಸಿದ್ಧನಾಗುತ್ತಿದ್ದಾನೆ. ಅವನ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ; ಎಡಪುಟದಲ್ಲಿ ನೀಲಿ ಶಾಯಿಯಲ್ಲಿ ‘ರೂಲ್’, ಬಲಪುಟದಲ್ಲಿ ಕೆಂಪು ಶಾಯಿಯಲ್ಲಿ ‘ಎಕ್ಸೆಪ್ಷನ್’. ಎಡಪುಟಗಳಲ್ಲಿ ಇನ್ನೂ ಬೇಕಾದಷ್ಟು ಜಾಗವಿದೆ, ಬಲಪುಟಗಳಲ್ಲಿ ಅಂಚಿನ ಮೇಲೂ ಅಡ್ಡಡ್ಡ ಬರೆಯುವ ಸ್ಥಿತಿ ಬಂದಿದೆ.

ಎಚ್ ಅಕ್ಷರದಿಂದ ಶುರುವಾಗುವ ‘ಅವರ್’ಗೆ ‘ಆ್ಯನ್’ ಏಕೆ, ಯು ಅಕ್ಷರದಿಂದ ಶುರುವಾಗುವ ‘ಯೂನಿವರ್ಸಿಟಿ’ಗೆ ‘ಎ’ ಏಕೆ ಎಂಬುದು ಅವನ ಮೊದಲ ಪ್ರಶ್ನೆಯಾಗಿತ್ತು. ಎರಡನ್ನೂ ಕನ್ನಡ ಲಿಪಿಯಲ್ಲಿ ಬರೆದು ನೋಡು ಎಂದೆ. ಒಂದರ ಮೊದಲಕ್ಷರ ಅಕಾರ, ಸ್ವರ. ಇನ್ನೊಂದರದು ಯಕಾರ, ವ್ಯಂಜನ. ನಿಯಮವಿರುವುದು ಕಿವಿಗೆ ಕೇಳುವ ಧ್ವನಿಗೇ ಹೊರತು ಕಣ್ಣಿಗೆ ಕಾಣುವ ಅಕ್ಷರಕ್ಕಲ್ಲ. ಇಂಗ್ಲಿಷರ ಸ್ಪೆಲಿಂಗ್ ಮುಚ್ಚಿಟ್ಟದ್ದನ್ನು ನಮ್ಮ ಒಂದನೆಯ ತರಗತಿಯ ಅಕ್ಷರಮಾಲೆ ಬಯಲು ಮಾಡುತ್ತದೆ. ಹುಡುಗ ಸಂತೋಷದಿಂದ ಹೋದವನು ಎರಡು ದಿನ ಬಿಟ್ಟು ಚಿಂತಾಕ್ರಾಂತನಾಗಿ ಮರಳಿದ. ಎಂ.ಎಲ್.ಎ.ಗೆ ‘ಆ್ಯನ್’ ಬರಬೇಕೆಂದು ತರಗತಿಯಲ್ಲಿ ಹೇಳಿದ್ದರಂತೆ. “ಆದರೆ ಸಾರ್, ನಮ್ಮ ಕಡೆ ಯಾರೂ ಎಮ್ಮೆಲ್ಲೆ ಅನ್ನುವುದಿಲ್ಲ, ಯಮ್ಮೆಲ್ಲೆ ಅನ್ನುತ್ತಾರೆ. ಯಕಾರ ವ್ಯಂಜನ ತಾನೆ?” ಧ್ವನಿಯೇ ಪ್ರಮಾಣವಾದರೆ ಲಂಡನ್ನಿನಲ್ಲಿ ‘ಆ್ಯನ್’ ಸರಿ, ಆಲೂರಿನಲ್ಲಿ ‘ಎ’ಯೇ ಸರಿ. ಹೇಗೂ ಯಮ್ಮೆಲ್ಲೆಗಳ ಹಿಂದೆ ಮುಂದೆ ಸುತ್ತುವವರಿಗೆ ನಮ್ಮ ಜಿಲ್ಲೆಯಲ್ಲಿ ಎಂದೂ ಬರವಿಲ್ಲ. ಇನ್ನೊಂದು ಸೇರಿಕೊಂಡರೆ ನಷ್ಟವೇನು?

‘ಸಿನ್ಸ್’ ಮತ್ತು ‘ಫಾರ್’ಗಳ ಜಗಳ ಇನ್ನೂ ಹಳೆಯದು. ಸೋಮವಾರದಿಂದ ಜ್ವರ, ಮೂರು ದಿನದಿಂದ ಜ್ವರ ಎಂದು ಕನ್ನಡವು ಒಂದೇ ‘ಇಂದ’ದಲ್ಲಿ ಎರಡನ್ನೂ ಮುಗಿಸುತ್ತದೆ. ಇಂಗ್ಲಿಷಿನಲ್ಲಿ ಜ್ವರ ಶುರುವಾದ ದಿನಕ್ಕೆ ‘ಸಿನ್ಸ್’, ಜ್ವರದ ಉದ್ದಕ್ಕೆ ‘ಫಾರ್’. ಪ್ರೆಸೆಂಟ್ ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ಕಾಲಕ್ಕಂತೂ ಹಾಸನದವರಿಗೆ ಬೇರೆ ಉದಾಹರಣೆ ಬೇಡ. ಹಿಂದೆಂದೋ ಆರಂಭವಾಗಿ, ಈಗಲೂ ನಡೆಯುತ್ತಿದ್ದು, ಎಂದು ಮುಗಿಯುವುದೆಂದು ಕ್ರಿಯಾಪದಕ್ಕೇ ಗೊತ್ತಿಲ್ಲದ ಕೆಲಸವೆಂದರೆ, ಮಳೆಗಾಲ ಬಂತೆಂದರೆ ದೋಣಿಗಾಲ್ ಬಳಿ ಕುಸಿಯುವ ಶಿರಾಡಿ ಘಾಟಿಯ ಹೆದ್ದಾರಿಯ ರಿಪೇರಿ. ಹುಡುಗನಿಗೆ ತಕ್ಷಣ ಅರ್ಥವಾಯಿತು.

ಇಂಗ್ಲಿಷ್ ಮಹಾನ್ ಭಾಷೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ನಾಮಪದಕ್ಕೆ ಎಸ್ ಹಚ್ಚಿದರೆ ಬಹುವಚನ, ಕ್ರಿಯಾಪದಕ್ಕೆ ಅದೇ ಎಸ್ ಹಚ್ಚಿದರೆ ಏಕವಚನವಾಗುವ ಚಮತ್ಕಾರವನ್ನು ಸಾಧಿಸಲು ಸಾಮಾನ್ಯರಿಂದ ಆಗುವುದಿಲ್ಲ. ಆದರೆ ನಮ್ಮ ಜಿಲ್ಲೆಯ ದೇವೇಗೌಡರು ದೇಶದ ಎಷ್ಟನೆಯ ಪ್ರಧಾನಿ ಎಂದು ಮೂರನೆಯ ತರಗತಿಯ ಮಗು ಕನ್ನಡದಲ್ಲಿ ಸಲೀಸಾಗಿ ಕೇಳುತ್ತದೆ, ಹನ್ನೊಂದನೆಯ ಎಂಬ ಉತ್ತರವನ್ನೂ ಪಡೆಯುತ್ತದೆ. ಜಗತ್ತನ್ನಾಳಿದ ಭಾಷೆಯಲ್ಲಿ ಉತ್ತರವಿದೆ, ಆ ‘ಎಷ್ಟನೆಯ’ ಎಂಬ ಪದವೇ ಇಲ್ಲ. ಹುಡುಗ ‘ಹೌ ಮೆನಿಯೆತ್’ ಎಂದು ತಾನೇ ಒಂದನ್ನು ಟಂಕಿಸಿಕೊಂಡು ಬಂದಿದ್ದ. ತಪ್ಪು ಎನ್ನಲು ನನಗೆ ಮನಸ್ಸಾಗಲಿಲ್ಲ.

ಇಲ್ಲಿಂದ ಗಂಟೆಯೊಂದರ ದಾರಿಯಲ್ಲಿ, ಬೇಲೂರು ತಾಲ್ಲೂಕಿನಲ್ಲಿ ಹಲ್ಮಿಡಿ ಇದೆ. ಅಲ್ಲಿಯ ಕನ್ನಡ ಶಾಸನ 450ರ ಸುಮಾರಿನದೆಂದು ನಾವೆಲ್ಲ ಓದಿದ್ದೇವೆ. ಬೀಡ್ ಎಂಬ ಪಾದ್ರಿ ಬರೆದಿಟ್ಟ ಇತಿಹಾಸವನ್ನು ನಂಬುವುದಾದರೆ, ಆಂಗ್ಲರು ಮತ್ತು ಸ್ಯಾಕ್ಸನರು ದೋಣಿಗಳಿಂದ ಬ್ರಿಟನ್ನಿನ ದಡಕ್ಕೆ ಇಳಿದದ್ದು 449ರ ಸುಮಾರಿಗೆ. ಹಲ್ಮಿಡಿಯವರು ಕಲ್ಲಿನ ಮೇಲೆ ವಾಕ್ಯ ಕೊರೆಯುತ್ತಿದ್ದಾಗ ಇಂಗ್ಲಿಷ್ ಇನ್ನೂ ಬಟ್ಟೆ ಒಣಗಿಸಿಕೊಳ್ಳುತ್ತಿತ್ತು. ಹೊಯ್ಸಳರ ಕಾಲದ ಕೇಶಿರಾಜ 1260ರ ಸುಮಾರಿಗೆ ಕನ್ನಡದ ವ್ಯಾಕರಣವನ್ನು ಕಂದಪದ್ಯಗಳಲ್ಲಿ ಕಟ್ಟಿದ. ಇಂಗ್ಲಿಷಿನ ಮೊದಲ ವ್ಯಾಕರಣ ಅಚ್ಚಾದದ್ದು 1586ರಲ್ಲಿ. ಇದನ್ನೆಲ್ಲ ಹೇಳಿ ನಾನು ಮೀಸೆ ತಿರುವಿದಾಗ ಹುಡುಗ ಕೇಳಿದ್ದು ಒಂದೇ ಮಾತು: “ಇದನ್ನು ಇಂಟರ್‌ವ್ಯೂನಲ್ಲಿ ಕೇಳುತ್ತಾರಾ ಸಾರ್?”

ಕೇಳುವುದಿಲ್ಲ. ಅಲ್ಲಿ ಕೇಳುವುದೇನೆಂದು ಕಳೆದ ತಿಂಗಳು ಗೊತ್ತಾಯಿತು. ಗೊಬ್ಬರದ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಗೊಬ್ಬರ ಕೊಳ್ಳಲು ಬರುವವರು ಕಟ್ಟಾಯ, ಪಾಳ್ಯ, ಕೆಂಚಮ್ಮನ ಹೊಸಕೋಟೆಯ ರೈತರು. ಮನೆಯ ಬಗ್ಗೆ ಇಂಗ್ಲಿಷಿನಲ್ಲಿ ಹೇಳು ಎಂದರಂತೆ. ‘ಐ ಆ್ಯಮ್ ಹ್ಯಾವಿಂಗ್ ಒನ್ ಸಿಸ್ಟರ್’ ಎಂದನಂತೆ. ನನಗೊಬ್ಬಳು ತಂಗಿಯಿದ್ದಾಳೆ ಎನ್ನುವವನು ಬೇರೇನು ಹೇಳಿಯಾನು? ಮೇಜಿನ ಆಚೆಗಿದ್ದ ಮೂವರೂ ಮುಖ ಮುಖ ನೋಡಿಕೊಂಡು ನಕ್ಕರಂತೆ. ಆ ನಗೆಯನ್ನು ಅವನು ನನ್ನ ಜಗಲಿಯಲ್ಲಿ ಅಭಿನಯಿಸಿ ತೋರಿಸಿದ. ಅವನೂ ನಗುತ್ತಲೇ ತೋರಿಸಿದ್ದು ನನ್ನಿಂದ ನೋಡಲಾಗಲಿಲ್ಲ. ಜಮಾ ಖರ್ಚಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲವಂತೆ. ಇದರಲ್ಲಿ ವಿಡಂಬನೆ ಮಾಡುವುದಕ್ಕೆ ಏನಿದೆಯೋ ನನಗೆ ತಿಳಿಯದು. ಹಳ್ಳಿಯ ಹುಡುಗನನ್ನು ಹೊರಗಿಡಲು ಹಿಂದೆ ಬಾಗಿಲಿಗೆ ಅಗುಳಿ ಹಾಕುತ್ತಿದ್ದರು, ಈಗ ‘ಐಎನ್‌ಜಿ’ ಹಾಕುತ್ತಾರೆ.

ಮೊನ್ನೆ ಭಾನುವಾರ ಅವನು ತಂದೆಯನ್ನೂ ಕರೆದುಕೊಂಡು ಬಂದ. ಶುಂಠಿ ಬೆಳೆಗೆಂದು ಸಾಲ ಪಡೆದ ಮನುಷ್ಯ. ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿದ ಸಾಲಪತ್ರವಿತ್ತು. ಇಪ್ಪತ್ತೆರಡು ಪುಟ, ಎಲ್ಲವೂ ಇಂಗ್ಲಿಷ್, ಸಾಸಿವೆಯಷ್ಟು ಅಕ್ಷರ. ಪ್ರತಿ ಪುಟದ ಅಡಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ಹಾಕಿಕೊಟ್ಟ ಕತ್ತರಿ ಗುರುತು, ಅದರ ಪಕ್ಕದಲ್ಲಿ ಕನ್ನಡದ ದುಂಡನೆಯ ಸಹಿ. ಇಪ್ಪತ್ತೆರಡು ಸಹಿ ಮುಗಿಯುವವರೆಗೆ, ನಿಮಗೇನಾದರೂ ಸಂಶಯವಿದೆಯೇ ಎಂದು ಒಬ್ಬರೂ ಕೇಳಿರಲಿಲ್ಲ.

ಸಂಶಯವಿದ್ದದ್ದು ಮಗನಿಗೆ. ‘ಐ’ ಮತ್ತು ‘ವಿ’ ಜೊತೆಗೆ ‘ಷಲ್’, ಉಳಿದವರಿಗೆಲ್ಲ ‘ವಿಲ್’ ಎಂಬ ರೂಲನ್ನು ಅವನು ನೀಲಿ ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದ. ಇಲ್ಲಿ ನೋಡಿದರೆ ಸಾಲಿಗೊಂದರಂತೆ ‘ದಿ ಬಾರೋವರ್ ಷಲ್’, ‘ದಿ ಬಾರೋವರ್ ಷಲ್’. ಬ್ಯಾಂಕಿನ ವಿಷಯ ಬಂದಾಗ ಮಾತ್ರ ಮೃದುವಾಗಿ ‘ದಿ ಬ್ಯಾಂಕ್ ಮೇ’. “ಬಾರೋವರ್ ಅಂದರೆ ಥರ್ಡ್ ಪರ್ಸನ್ ಅಲ್ವಾ ಸಾರ್? ಇಷ್ಟು ದೊಡ್ಡ ಬ್ಯಾಂಕಿನವರಿಗೂ ಗ್ರಾಮರ್ ತಪ್ಪಿದೆ” ಎಂದು ಅವನು ಹೇಳಿದಾಗ ಆ ಮುಖದಲ್ಲಿ ಇಷ್ಟು ದಿನ ಕಾಣದ ಒಂದು ಗೆಲುವಿತ್ತು.

ಆ ರೂಲನ್ನು ಬರೆದಿಟ್ಟವನು ಜಾನ್ ವಾಲಿಸ್ ಎಂಬ ಇಂಗ್ಲೆಂಡಿನ ಗಣಿತಜ್ಞ. 1653ರಲ್ಲಿ ಅವನು ಇಂಗ್ಲಿಷಿನ ವ್ಯಾಕರಣವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆದ. ಎರಡು ವರ್ಷ ಕಳೆದು ಗಣಿತದಲ್ಲಿ ಅನಂತವನ್ನು ಸೂಚಿಸುವ ಚಿಹ್ನೆಯನ್ನು ಬಳಕೆಗೆ ತಂದವನೂ ಅವನೇ, ಕಲಿಯುವವರ ಪಾಡನ್ನು ಮೊದಲೇ ಅಂದಾಜು ಮಾಡಿದ್ದನೇನೋ. ಅವನ ರೂಲಿನ ಉಳಿದರ್ಧವನ್ನು ಕಂಬದವರು ಕಲಿಸಿರಲಿಲ್ಲ. ‘ನಾನು’ ಎಂಬುದರೊಡನೆ ಬಂದ ‘ಷಲ್’ ಬರೀ ಮುಂದಾಗುವುದನ್ನು ಹೇಳುತ್ತದೆ, ‘ನೀನು’, ‘ಅವನು’ ಎಂಬುವುಗಳೊಡನೆ ಬಂದರೆ ಅದು ವಾಗ್ದಾನ, ಇಲ್ಲವೇ ಬೆದರಿಕೆ.

“ತಪ್ಪಿಲ್ಲ ಕಣಪ್ಪ, ವ್ಯಾಕರಣ ಸರಿಯಾಗಿಯೇ ಇದೆ” ಎಂದೆ. ತಂದೆ, ಸದ್ಯ, ಎಂಬಂತೆ ಪತ್ರವನ್ನು ಮಡಿಸಿ ಚೀಲದೊಳಗಿಟ್ಟುಕೊಂಡರು. ಹುಡುಗ ನೋಟ್‌ಬುಕ್ ತೆರೆದು, ಬಲಪುಟದ ಅಂಚಿನಲ್ಲಿ ಉಳಿದಿದ್ದ ಚೂರು ಜಾಗದಲ್ಲಿ, ಕೆಂಪು ಶಾಯಿಯಲ್ಲಿ ಬರೆದುಕೊಂಡ: ‘ಎಕ್ಸೆಪ್ಷನ್: ಬಾರೋವರ್’.