ಪಡಸಾಲೆಯ ದನಿ, ಟಾಟಾ ಥಿಯೇಟರಿನ ದನಿ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಸಂಗೀತ ಕಾರ್ಯಕ್ರಮ ಮುಗಿಸಿ ಬಂದವರನ್ನು ಹೇಗಿತ್ತು ಎಂದು ಕೇಳಿದರೆ, ಹಾಡಿದವರ ಹೆಸರಿಗಿಂತ ಮೊದಲು ‘ಸೌಂಡ್ ಭಾರೀ ಇತ್ರೀ’ ಎಂಬ ಉತ್ತರ ಬರುತ್ತದೆ. ಎಷ್ಟು ಪೆಟ್ಟಿಗೆಗಳನ್ನು ಪೇರಿಸಿದ್ದರು, ಎಲ್ಲಿಯವರೆಗೆ ಕೇಳಿಸಿತು, ಎದೆ ಹೇಗೆ ನಡುಗಿತು ಎಂಬುದೇ ಹೊಗಳಿಕೆಯ ಅಳತೆ. ಸಿರುಗುಪ್ಪದಲ್ಲಿ ಬೆಳೆದು, ಕೆಲಸದ ನಿಮಿತ್ತ ಮುಂಬಯಿ ಸೇರಿ, ಈಗ ಡೊಂಬಿವಲಿಯವನೇ ಆಗಿಬಿಟ್ಟಿರುವ ನನಗೆ ಈ ಅಳತೆ ತಲೆಕೆಳಗಾಗಿದೆ ಎನ್ನಿಸುತ್ತದೆ. ಒಂದು ಸಭಾಂಗಣ ಒಳ್ಳೆಯದೆಂದು ನಾನು ಹೇಳುವುದು ಅಲ್ಲಿ ದನಿ ಎಷ್ಟು ಜೋರಾಗಿ ಬರುತ್ತದೆ ಎಂಬುದರಿಂದಲ್ಲ. ಗಾಯಕ ದನಿಯನ್ನು ಎಷ್ಟು ಇಳಿಸಿದರೂ ಕೊನೆಯ ಸಾಲಿನವನಿಗೆ ಅದು ತಲುಪುತ್ತದೆ ಎಂಬುದರಿಂದ.

ಮುಂಬಯಿಯ ನರಿಮನ್ ಪಾಯಿಂಟಿನಲ್ಲಿ, ಸಮುದ್ರದ ಅಂಚಿನಲ್ಲಿರುವ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರದ, ಅಂದರೆ ಎನ್‌ಸಿಪಿಎಯ ಟಾಟಾ ಥಿಯೇಟರ್ ಈ ಮಾತಿಗೆ ಒಳ್ಳೆಯ ಸಾಕ್ಷಿ. 1980ರಲ್ಲಿ ಆರಂಭವಾದ ಈ ರಂಗಮಂದಿರದ ವಾಸ್ತುಶಿಲ್ಪಿ ಅಮೆರಿಕದ ಫಿಲಿಪ್ ಜಾನ್ಸನ್. ಧ್ವನಿಯ ಹೊಣೆ ಹೊತ್ತವರು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾ ಹೌಸಿನಲ್ಲೂ ಕೆಲಸ ಮಾಡಿದ್ದ ಸಿರಿಲ್ ಹ್ಯಾರಿಸ್. ಭಾರತೀಯ ಸಂಗೀತವನ್ನು ಮೈಕ್ ಇಲ್ಲದೆ ಕೇಳುವಂತಿರಬೇಕು ಎಂಬುದು ಅದರ ಮೂಲ ಆಶಯವಾಗಿತ್ತು. ಸುಮಾರು ಸಾವಿರ ಆಸನಗಳು ಬೀಸಣಿಗೆಯಾಕಾರದಲ್ಲಿ ವೇದಿಕೆಯನ್ನು ಬಳಸಿಕೊಂಡಿರುವುದರಿಂದ ಯಾರೂ ಕಲಾವಿದರಿಂದ ತೀರಾ ದೂರ ಕುಳಿತಂತೆ ಆಗುವುದಿಲ್ಲ. ಅಲ್ಲಿ ನನ್ನನ್ನು ಮೊದಲು ತಟ್ಟಿದ್ದು ಹಾಡಲ್ಲ, ಹಾಡಿಗೆ ಮುಂಚಿನ ನಿಶ್ಶಬ್ದ. ಹವಾನಿಯಂತ್ರಣದ ಗೊಣಗಾಟವಾಗಲಿ, ಹೊರಗಿನ ರಸ್ತೆಯ ಸದ್ದಾಗಲಿ ಒಳಗೆ ಸುಳಿಯುವುದಿಲ್ಲವಾದ್ದರಿಂದ ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ಕೇಳುತ್ತವೆ. ಶ್ರುತಿ ಹೀಗೆ ಕೇಳಿದರೆ ಗಾಯಕನಿಗೆ ಕೂಗುವ ಅವಸರವಿರುವುದಿಲ್ಲ.

ಮುಂಬಯಿಯ ಎಲ್ಲ ಸಭಾಂಗಣಗಳೂ ಹೀಗಿಲ್ಲ, ಇರಬೇಕಾದ ಅಗತ್ಯವೂ ಇಲ್ಲ. 1963ರಲ್ಲಿ ತೆರೆದು, 1990ರ ಬೆಂಕಿಯಲ್ಲಿ ಸುಟ್ಟು, 1998ರಲ್ಲಿ ಮತ್ತೆ ಬಾಗಿಲು ತೆರೆದ ಷಣ್ಮುಖಾನಂದ ಸಭಾಂಗಣದಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಕೂರುತ್ತಾರೆ. ಅಷ್ಟು ದೊಡ್ಡ ಜಾಗದಲ್ಲಿ ಧ್ವನಿವರ್ಧಕವಿಲ್ಲದೆ ಕಛೇರಿ ನಡೆಯಲಾರದು. ಅಲ್ಲಿಂದ ದೂರವೇನೂ ಇಲ್ಲದ ಮಾಟುಂಗದ ಮೈಸೂರು ಅಸೋಸಿಯೇಷನ್ ಹೊರನಾಡ ಕನ್ನಡಿಗರ ಹಳೆಯ ನೆಲೆ. ನಾನು ಮೆಚ್ಚುವುದು ಇಂಥ ಸಂಘಸಂಸ್ಥೆಗಳ ಸಣ್ಣ ಸಭಾಂಗಣಗಳನ್ನು. ಹಾಡುವವರ ಮುಖ ಕಾಣುವಷ್ಟು ಹತ್ತಿರ ಕುಳಿತಾಗ ಕಿವಿಯ ಅರ್ಧ ಕೆಲಸವನ್ನು ಕಣ್ಣೇ ಮಾಡಿಬಿಡುತ್ತದೆ.

ಇಷ್ಟೆಲ್ಲ ಹಣ, ಪರಿಣತಿ ಸುರಿದು ಮುಂಬಯಿ ಗಳಿಸಿಕೊಂಡಿರುವ ಈ ಹತ್ತಿರವನ್ನು ನಮ್ಮ ಮಾಳಿಗೆ ಮನೆಗಳ ಪಡಸಾಲೆ ಯಾವ ಸದ್ದುಗದ್ದಲವೂ ಇಲ್ಲದೆ ಕೊಡುತ್ತಿತ್ತು. ಬಳ್ಳಾರಿ, ರಾಯಚೂರು ಸೀಮೆಯ ಹಳೆಯ ಮನೆಗಳನ್ನು ನೋಡಿದವರಿಗೆ ಆ ರಚನೆ ಗೊತ್ತು: ದಪ್ಪನೆಯ ಮಣ್ಣಿನ ಗೋಡೆ, ಮೇಲೆ ತೊಲೆ ಜಂತಿಗಳ ಸಾಲು, ಅದರ ಮೇಲೆ ಮಣ್ಣು ಮೆತ್ತಿದ ಮಾಳಿಗೆ, ಒಂದು ಬದಿ ಅಂಗಳಕ್ಕೋ ಬೀದಿಗೋ ತೆರೆದುಕೊಂಡ ಕಟ್ಟೆ. ಮೆತ್ತಿದ ಮಣ್ಣು ದನಿಯನ್ನು ಸಿಮೆಂಟಿನಂತೆ ಹೊಡೆದು ಹಿಂದಕ್ಕಟ್ಟುವುದಿಲ್ಲ, ಸ್ವಲ್ಪ ಹೀರಿಕೊಳ್ಳುತ್ತದೆ. ಸಮತಟ್ಟಾದ ತಾರಸಿಯಿಂದ ಒಂದೇ ಕಡೆಗೆ ಮರಳಬೇಕಾದ ದನಿಯನ್ನು ಜಂತಿಗಳ ಏರುತಗ್ಗು ಹತ್ತು ಕಡೆಗೆ ಚದುರಿಸುತ್ತದೆ. ತೆರೆದ ಬದಿಯಿಂದ ಹೆಚ್ಚಿನ ಸದ್ದು ಹೊರಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು ಅಳತೆ. ಗೋಡೆಗೆ ತಾಗಿ ಮರಳುವ ದನಿ ನೇರವಾಗಿ ಬಂದ ದನಿಗಿಂತ ಸುಮಾರು 50 ಮಿಲಿಸೆಕೆಂಡಿನ ಒಳಗೆ ಕಿವಿಗೆ ಬಿದ್ದರೆ ಅದು ಮಾರ್ದನಿಯಾಗಿ ಕೇಳುವುದಿಲ್ಲ, ಮೂಲದ ದನಿಗೇ ಬಲವಾಗಿ ಸೇರಿಕೊಳ್ಳುತ್ತದೆ. ಆ ಅವಧಿಯಲ್ಲಿ ದನಿ ಸಾಗುವುದು ಸುಮಾರು 17 ಮೀಟರ್. ಪಡಸಾಲೆಯಲ್ಲಿ ಗೋಡೆಯಿಂದ ಮರಳಿದ ಮೊದಲ ದನಿ ನೇರ ದನಿಗಿಂತ ಅಷ್ಟು ದೂರ ಹೆಚ್ಚಾಗಿ ನಡೆಯುವುದಕ್ಕೆ ಜಾಗವೇ ಇಲ್ಲ. ಹೀಗಾಗಿ ಅಲ್ಲಿ ಏಕತಾರಿ ಹಿಡಿದು ತತ್ವಪದ ಹೇಳುವವರ ಒಂದೊಂದು ಅಕ್ಷರವೂ ಬಿಡಿಯಾಗಿ ಕೇಳುತ್ತದೆ. ದಮ್ಮಡಿಯ ಪೆಟ್ಟು ಪದವನ್ನು ನುಂಗುವುದಿಲ್ಲ.

ಚೀಕಲಪರವಿಯ ವಿಜಯದಾಸರು, ಮಾನವಿಯ ಜಗನ್ನಾಥದಾಸರು ಹುಟ್ಟಿಬಂದ ಈ ರಾಯಚೂರು ನೆಲದಲ್ಲಿ ದಾಸರ ಪದಗಳಾಗಲಿ, ಊರೂರಿನ ಭಜನೆಗಳಾಗಲಿ ಮಾತು ಮುಂದೆ, ರಾಗ ಹಿಂದೆ ಎಂಬಂತೆ ಸಾಗುತ್ತವೆ. ಇಂಥ ಹಾಡಿಕೆಗೆ ದೀರ್ಘವಾದ ಅನುರಣನ, ಅಂದರೆ ಹಾಡಿ ನಿಲ್ಲಿಸಿದ ಮೇಲೂ ದನಿ ಜಾಗದಲ್ಲಿ ಸುತ್ತುತ್ತ ಉಳಿಯುವುದು, ಶತ್ರು. ಪಾಶ್ಚಾತ್ಯ ವಾದ್ಯವೃಂದಕ್ಕೆ ದನಿ ಸುಮಾರು ಎರಡು ಸೆಕೆಂಡ್ ನಿಲ್ಲುವ ಸಭಾಂಗಣ ಹಿತವೆನ್ನುತ್ತಾರೆ. ವಿಯೆನ್ನಾದ ಮ್ಯೂಸಿಕ್‌ಫೆರೈನ್ ಸಭಾಂಗಣದ ಕೀರ್ತಿ ಇರುವುದೇ ಅಲ್ಲಿ. ನಮ್ಮ ಪದಕ್ಕೂ, ತಾನಿಗೂ, ದ್ರುತ್ ಲಯದ ತಬಲಾಕ್ಕೂ ಅದರ ಅರ್ಧ, ಹೆಚ್ಚೆಂದರೆ ಅದಕ್ಕೂ ಸ್ವಲ್ಪ ಹೆಚ್ಚು ಸಾಕು ಎಂಬುದು ನನ್ನ ಕಿವಿಯ ತೀರ್ಪು. ಸೆಕೆಂಡಿಗೆ ನಾಲ್ಕು ಮಾತ್ರೆ, ಅಂದರೆ ತಾಳದ ನಾಲ್ಕು ಎಣಿಕೆ, ಓಡುವ ತೀನ್‌ತಾಲದಲ್ಲಿ ಒಂದು ಪೆಟ್ಟಿನ ಬಾಲ ಮೂರು ಸೆಕೆಂಡ್ ಎಳೆದರೆ ಹನ್ನೆರಡು ಮಾತ್ರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ.

ನಮ್ಮ ಊರುಗಳ ಕಲ್ಯಾಣ ಮಂಟಪಗಳಲ್ಲಿ ಆಗುವುದು ಇದೇ. ಮದುವೆಗೆ ಕಟ್ಟಿದ ಆ ಕಟ್ಟಡಗಳೇ ಇಂದು ಬಹುಪಾಲು ಸಂಗೀತಕ್ಕೂ ಒದಗುತ್ತಿವೆ. 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರದ ಒಂದು ಮಂಟಪವನ್ನು ಊಹಿಸಿಕೊಳ್ಳೋಣ. ನೆಲಕ್ಕೆ ಗ್ರಾನೈಟ್, ಗೋಡೆಗೆ ಪುಟ್ಟಿ ಬಳಿದ ಸಿಮೆಂಟ್, ಮೇಲೆ ಬೋಳು ತಾರಸಿ. ಇಂಥ ಗಟ್ಟಿ ಮೈಗಳು ತಮಗೆ ತಾಗಿದ ದನಿಯಲ್ಲಿ ನೂರಕ್ಕೆ ಐದರಷ್ಟು ಹೀರುತ್ತವೆ ಎಂದುಕೊಂಡು ಲೆಕ್ಕ ಹಾಕಿದರೆ, ಖಾಲಿ ಮಂಟಪದಲ್ಲಿ ದನಿ ಐದು ಸೆಕೆಂಡಿಗೂ ಹೆಚ್ಚು ಕಾಲ ನಿಲ್ಲುತ್ತದೆ. ಅದೇ ಮಂಟಪದಲ್ಲಿ ಮುನ್ನೂರು ಜನ ಬಂದು ಕುಳಿತರೆ ಅದು ಒಂದೂ ಕಾಲು ಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ, ಏಕೆಂದರೆ ಬಟ್ಟೆ ತೊಟ್ಟ ಮನುಷ್ಯನಷ್ಟು ದನಿ ಹೀರುವ ವಸ್ತು ಆ ಕಟ್ಟಡದಲ್ಲಿ ಬೇರೆ ಯಾವುದೂ ಇಲ್ಲ. ಈ ಲೆಕ್ಕದ ಸೂತ್ರ ಕೊಟ್ಟವರು ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೆಸ್ ಸೇಬಿನ್. ಅಲ್ಲಿನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗದಷ್ಟು ದನಿ ಕಲಸುತ್ತಿತ್ತೆಂದು, 1895ರಿಂದ ರಾತ್ರಿಗಳಲ್ಲಿ ಪಕ್ಕದ ರಂಗಮಂದಿರದ ಮೆತ್ತೆಗಳನ್ನು ತಂದು ಹಾಸಿ, ತೆಗೆದು, ಮತ್ತೆ ಹಾಸಿ ಅವರು ಅಳೆದರು. ಅದರ ಫಲವಾಗಿ ರೂಪುಗೊಂಡ ಬಾಸ್ಟನ್ ಸಿಂಫನಿ ಹಾಲ್ 1900ರಲ್ಲಿ ತೆರೆಯಿತು.

ಮೆತ್ತೆಯ ಈ ಪಾಠ ನಮ್ಮ ಸಂಘಟಕರಿಗೆ ಇನ್ನೂ ತಲುಪಿಲ್ಲ ಎಂದು ಹೇಳದೆ ವಿಧಿಯಿಲ್ಲ. ನಮ್ಮ ಕಡೆಯ ಒಂದು ಮಂಟಪದಲ್ಲಿ ಸಂಜೆಯ ಕಾರ್ಯಕ್ರಮಕ್ಕೆ ಮಧ್ಯಾಹ್ನವೇ, ಜನರಿಲ್ಲದ ಹೊತ್ತಿನಲ್ಲಿ, ಸೌಂಡಿನವರು ಮಟ್ಟ ಹೊಂದಿಸಿಟ್ಟು ಹೋಗಿದ್ದರು. ಖಾಲಿ ಮಂಟಪದ ಗದ್ದಲದಲ್ಲಿ ಮಾತು ಸ್ಪಷ್ಟವಾಗಲೆಂದು ಕೀಚಲು ಸ್ವರಗಳನ್ನು ಏರಿಸಿದ್ದರು. ಅದು ಸಾಲದೆಂದು ಯಂತ್ರದ ಈಕೋ ಬೇರೆ. ಜನ ತುಂಬಿದ ಮೇಲೂ ಅದನ್ನು ಯಾರೂ ಮುಟ್ಟಲಿಲ್ಲ. ಐದು ಸೆಕೆಂಡಿನ ಈಕೋವನ್ನು ದೇವರೇ ಪುಕ್ಕಟೆಯಾಗಿ ಕೊಟ್ಟಿರುವಾಗ ಇನ್ನೊಂದಿಷ್ಟನ್ನು ಬಾಡಿಗೆಗೆ ತರುವುದು ನಮ್ಮ ಔದಾರ್ಯವೇ ಸರಿ. ಹಿಂದಿನ ಗೋಡೆಗೆ ದಪ್ಪನೆಯ ಜಮಖಾನೆಗಳನ್ನು ಇಳಿಬಿಟ್ಟು, ನೆಲದ ಮೇಲೂ ಹಾಸಿ, ಕುರ್ಚಿ ತೆಗೆದು ಜನರನ್ನು ಕೆಳಗೆ ಕೂರಿಸಿದ್ದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತಿತ್ತು.

ಕಲ್ಲಿನ ಗುಡಿಗಳಲ್ಲಿ ಹಾಡಿದರೆ ತಾನಾಗಿಯೇ ದಿವ್ಯವಾಗಿ ಕೇಳುತ್ತದೆ ಎಂಬ ಇನ್ನೊಂದು ನಂಬಿಕೆಯೂ ನಮ್ಮಲ್ಲಿದೆ. ವಿಜಯಪುರದ ಗೋಳಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ಕೇಳುತ್ತದೆ, ಕೂಗು ಹಲವು ಸಲ ಮರಳುತ್ತದೆ. ಅದು ಬೆರಗು, ಆದರೆ ಅಲ್ಲಿ ಕುಳಿತು ಒಂದು ಖಯಾಲನ್ನು ಹಾಡಲಾಗದು. ಹಂಪಿಯ ವಿಠ್ಠಲ ಗುಡಿಯ ಸಂಗೀತ ಕಂಬಗಳು ತಟ್ಟಿದರೆ ನುಡಿಯುತ್ತವೆ ಎಂಬುದರಿಂದ ಆ ಮಂಟಪದಲ್ಲಿ ದನಿ ಹೇಗೆ ನಿಲ್ಲುತ್ತದೆ ಎಂಬುದು ತಿಳಿಯುವುದಿಲ್ಲ. ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯದ ಮಾತು ಬೇರೆ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ, ‘ದೇವಾಲಯ ಚಕ್ರವರ್ತಿ’ ಎಂದು ಶಾಸನ ಹೊಗಳಿದ ಈ ಗುಡಿಯ ಮುಂದಿನ ಮಂಟಪ ತೆರೆದದ್ದು. ಗೋಡೆಗಳಿಲ್ಲದ್ದರಿಂದ ದನಿ ಒಳಗೇ ಸುತ್ತುತ್ತ ಉಳಿಯಲಾರದು. ಕಡೆದು ನುಣುಪುಗೊಳಿಸಿದ, ಮಟ್ಟಮಟ್ಟಕ್ಕೂ ಆಕಾರ ಬದಲಿಸುವ ಕಂಬಗಳು ಅದನ್ನು ಸಣ್ಣದಾಗಿ ಒಡೆದು ಹಂಚುತ್ತವೆ. ಸಂರಕ್ಷಿತ ಸ್ಮಾರಕದಲ್ಲಿ ಪೆಂಡಾಲು ಹಾಕಿ ಕಛೇರಿ ಮಾಡಿರೆಂದು ನಾನು ಹೇಳುತ್ತಿಲ್ಲ. ಹೊಸ ಸಭಾಂಗಣದ ನಕ್ಷೆ ಬರೆಯುವ ಎಂಜಿನಿಯರು ಬರೆಯುವ ಮುನ್ನ ಒಮ್ಮೆ ಅಲ್ಲಿ ನಿಂತು ಚಪ್ಪಾಳೆ ತಟ್ಟಿ ಬರಲಿ.

ಬಯಲಿನ ವಿಷಯಕ್ಕೆ ಬಂದರೆ ನಮ್ಮವರಿಗೆ ಮುಂಬಯಿಯವರು ಕಲಿಸುವಂಥದ್ದು ಕಡಿಮೆ. ದೊಡ್ಡಾಟ ರಾತ್ರಿಯೇ ನಡೆಯುವುದಕ್ಕೆ ರೈತರ ಬಿಡುವು ಒಂದು ಕಾರಣವಾದರೆ, ಗಾಳಿಯೂ ಆ ಹೊತ್ತಿಗೆ ಆಟದ ಪಕ್ಷ ಸೇರುತ್ತದೆ. ಬಳ್ಳಾರಿಯ ಬಿಸಿಲಿನಲ್ಲಿ ನೆಲ ಕಾದಾಗ ನೆಲದ ಹತ್ತಿರದ ಗಾಳಿ ಮೇಲಿನದಕ್ಕಿಂತ ಬಿಸಿಯಾಗಿರುತ್ತದೆ. ಬಿಸಿ ಗಾಳಿಯಲ್ಲಿ ದನಿ ಬೇಗ ಓಡುವುದರಿಂದ ಅದರ ಹಾದಿ ಮೇಲಕ್ಕೆ ಬಾಗಿ, ಕುಳಿತವರ ತಲೆಯ ಮೇಲೆ ಹಾದುಹೋಗುತ್ತದೆ. ರಾತ್ರಿ ನೆಲ ತಣಿದಾಗ ಇದು ತಿರುಗಿ, ದನಿ ಕೆಳಕ್ಕೆ ಬಾಗುತ್ತ ಹೊಲಗಳನ್ನು ದಾಟಿ ಪಕ್ಕದ ಊರಿಗೂ ತಲುಪುತ್ತದೆ. ಮುಖವೀಣೆಯಂಥ ತೀಕ್ಷ್ಣ ದನಿಯ ವಾದ್ಯ ಆ ರಾತ್ರಿಗೆ ಸರಿಯಾದ ಆಯ್ಕೆ. ಸಾಯಂಕಾಲ ನಾಲ್ಕಕ್ಕೇ ಬಯಲಿನಲ್ಲಿ ಕಾರ್ಯಕ್ರಮ ಆರಂಭಿಸಿ ಕೇಳಿಸುತ್ತಿಲ್ಲವೆಂದು ಪೆಟ್ಟಿಗೆಗಳನ್ನು ಹೆಚ್ಚಿಸುವವರು ಎರಡು ಗಂಟೆ ಕಾಯುವುದು ಅಗ್ಗ.

ಕೊಪ್ಪಳದ ಗವಿಮಠದ ಜಾತ್ರೆಯಂಥ ಕಡೆ ಧ್ವನಿವರ್ಧಕ ಬೇಡವೆನ್ನುವುದು ಮೂರ್ಖತನ. ಲಕ್ಷಾಂತರ ಜನ ಸೇರುವಲ್ಲಿ, ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಆರು ಡೆಸಿಬಲ್ ಕಳೆದುಕೊಳ್ಳುವ ಮನುಷ್ಯನ ದನಿ ಏನು ಮಾಡೀತು? ಅಲ್ಲಿ ಬೇಕಾಗಿರುವುದು ಇನ್ನೊಂದು ಜಾಣತನ. ವೇದಿಕೆಯ ಪೆಟ್ಟಿಗೆಗಳನ್ನೇ ಕಿವಿ ಹರಿಯುವಷ್ಟು ಏರಿಸುವ ಬದಲು, ದೂರದೂರಕ್ಕೆ ಸಣ್ಣ ಪೆಟ್ಟಿಗೆಗಳನ್ನಿಟ್ಟು, ಮೀಟರಿಗೆ ಸುಮಾರು ಮೂರು ಮಿಲಿಸೆಕೆಂಡಿನಂತೆ ಅವುಗಳಿಗೆ ವಿಳಂಬ ಕೊಟ್ಟರೆ, ಹತ್ತಿರದ ಪೆಟ್ಟಿಗೆಯ ದನಿ ವೇದಿಕೆಯಿಂದ ಬರುವ ದನಿಯೊಂದಿಗೆ ಜೊತೆಗೂಡಿ ಬರುತ್ತದೆ. ಈ ವಿಳಂಬವಿಲ್ಲದಿದ್ದರೆ ನೂರು ಮೀಟರ್ ಆಚೆ ಕುಳಿತವನು ಒಂದೇ ಸಾಲನ್ನು ಎರಡು ಸಲ ಕೇಳುತ್ತಾನೆ.

ಮೈಕ್ ಬಂದದ್ದರಿಂದ ಹಾಡಿಕೆಯೂ ಬದಲಾಯಿತು. ಕಂಪನಿ ನಾಟಕಗಳ ಕಾಲದಲ್ಲಿ ತಗಡಿನ ಥಿಯೇಟರಿನ ಕೊನೆಯ ಬೆಂಚಿಗೆ ಪದ ಮುಟ್ಟಿಸಬೇಕಿದ್ದ ನಟರು ಎತ್ತರದ ಪಟ್ಟಿಯಲ್ಲಿ, ತೆರೆದ ದನಿಯಲ್ಲಿ ಹಾಡುತ್ತಿದ್ದರು. ಬಳ್ಳಾರಿಯ ಸುಭದ್ರಮ್ಮ ಮನ್ಸೂರ್ ಅವರ ರಂಗಗೀತೆಗಳನ್ನು ಕೇಳಿದವರಿಗೆ ಆ ದನಿಯ ಎದೆಗಾರಿಕೆ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ. ಮೈಕ್ ಮಂದ್ರದ ಸೊಗಸನ್ನು ಕೇಳಿಸಿತು, ಅದು ಲಾಭ. ಆದರೆ ಎದುರಿಗಿರುವ ಜಾಗವನ್ನು ಅಳೆದು ದನಿ ಬಿಡುವ ಅಭ್ಯಾಸ ಕಳೆದುಹೋಯಿತು. ನಟ ಬಳ್ಳಾರಿ ರಾಘವರ ಹೆಸರಿನ ಕಲಾಮಂದಿರ ಬಳ್ಳಾರಿಯಲ್ಲಿದೆ, ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ರಾಯಚೂರಿನಲ್ಲಿದೆ. ದನಿಯನ್ನೇ ಬದುಕಾಗಿಸಿಕೊಂಡವರ ಹೆಸರು ಹೊತ್ತ ಇಂಥ ಕಡೆಗಳಲ್ಲಿ ವರ್ಷಕ್ಕೊಂದು ಸಂಜೆಯಾದರೂ, ಮುಂದಿನ ಸಾಲುಗಳಲ್ಲಷ್ಟೇ ಜನರನ್ನು ಕೂರಿಸಿ, ಮೈಕ್ ಇಲ್ಲದೆ ಹಾಡಿಸಿ ನೋಡಬೇಕು.

ಮುಂಬಯಿ, ಪುಣೆಗಳನ್ನು ಸುಮ್ಮನೆ ಹೊಗಳುತ್ತಿದ್ದೇನೆಂದು ತಿಳಿಯಬಾರದು. ಟಾಟಾ ಥಿಯೇಟರಿನ ನಿಶ್ಶಬ್ದದಲ್ಲಿ ‘ವಾಹ್’ ಎನ್ನಲೂ ಜನ ಅಂಜುತ್ತಾರೆ. ನಮ್ಮ ಭಜನೆಯಲ್ಲಿ ಕೇಳುಗನೇ ಸೊಲ್ಲು ಹಿಡಿದು ಹಾಡಿಗೆ ಸೇರುತ್ತಾನೆ, ಆ ಸುಖ ಅಲ್ಲಿಲ್ಲ. ಒಮ್ಮೆ ರಾತ್ರಿಯಿಡೀ ನಡೆಯುತ್ತಿದ್ದ ಪುಣೆಯ ಸವಾಯಿ ಗಂಧರ್ವ ಸಂಗೀತೋತ್ಸವ ಈಗ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ, ನಡುರಾತ್ರಿಯ ರಾಗವಾದ ದರ್ಬಾರಿ ಅದರ ಹೊತ್ತಿಗೆ ಸಿಗುವುದಿಲ್ಲ. ಇದಕ್ಕೆ ಕಾರಣವಾದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸುತ್ತವೆ, ಆದರೆ ಮುಚ್ಚಿದ ಸಭಾಂಗಣಗಳಿಗೆ ವಿನಾಯಿತಿ ಕೊಡುತ್ತವೆ. ನಮ್ಮ ಮೂರು ಜಿಲ್ಲೆಗಳಿಗೆ ಇದು ಒಳ್ಳೆಯ ಅವಕಾಶ. ಎರಡು ಸಾವಿರ ಜನರ ಭವನದ ಕನಸು ಬಿಟ್ಟು, ತಾಲ್ಲೂಕಿಗೊಂದರಂತೆ ಇನ್ನೂರೈವತ್ತು ಜನರ, ಮರದ ವೇದಿಕೆಯ, ದಪ್ಪ ಮಣ್ಣಿಟ್ಟಿಗೆ ಗೋಡೆಯ, ಜಂತಿಗಳ ಏರುತಗ್ಗು ಉಳಿಸಿಕೊಂಡ ಮಾಳಿಗೆಯ ಸಭಾಂಗಣ ಕಟ್ಟಿದರೆ, ನಡುರಾತ್ರಿಯ ರಾಗವನ್ನು ನಡುರಾತ್ರಿಯಲ್ಲೇ ಕೇಳಬಹುದು.

ತೊಡಕಿರುವುದು ಸೆಕೆಯಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರುಗಳಲ್ಲಿ ಫ್ಯಾನ್ ಆರಿಸಿ ಎಂದು ಯಾರಿಗೂ ಹೇಳಲಾಗದು, ತಿರುಗುವ ಫ್ಯಾನಿನ ಕೆಳಗೆ ತಂಬೂರಿ ಕೇಳಲಾರದು. ಸದ್ದಿಲ್ಲದ ಹವಾನಿಯಂತ್ರಣಕ್ಕೆ ಟಾಟಾ ಥಿಯೇಟರಿನಷ್ಟು ಹಣ ಬೇಕು. ಅದಿಲ್ಲದವರು ಕಛೇರಿಗಳನ್ನು ಪುಷ್ಯ ಮಾಘಗಳಿಗೆ, ಗವಿಮಠದ ಜಾತ್ರೆಯ ಆಸುಪಾಸಿಗೆ ಇಟ್ಟುಕೊಳ್ಳಲಿ. ರಜೆ ಹಾಕಿ ಊರಿಗೆ ಬರುವ ನಮ್ಮಂಥವರಿಗೂ ಆಗ ಬರುವುದು ಸುಲಭ.