ಒಣಗಿದ್ದಕ್ಕೂ ಒಂದು ಅಂತಸ್ತು

ಬೆಂಗಳೂರಿನ ಬಹುಮಹಡಿ ವಸತಿ ಸಮುಚ್ಚಯಗಳಲ್ಲಿ ಸಸ್ಯಸಂಕುಲದ ಬಗ್ಗೆ ಈಚೆಗೆ ಒಂದು ಖಚಿತ ನೀತಿ ಜಾರಿಗೆ ಬಂದಿದೆ. ಅದರ ಪ್ರಕಾರ ತಾನಾಗಿ ಒಣಗಿದ್ದು ಕಸ. ರಸೀದಿಯೊಂದಿಗೆ ಒಣಗಿ ಬಂದದ್ದು ಅಲಂಕಾರ. ಈ ನೀತಿಯನ್ನು ಯಾರೂ ಬರೆದಿಟ್ಟಿಲ್ಲವಾದರೂ ನಿವಾಸಿಗಳ ಸಂಘದ ಸೂಚನಾ ಫಲಕವನ್ನು ಶ್ರದ್ಧೆಯಿಂದ ಓದುವ ಅಭ್ಯಾಸವುಳ್ಳವರಿಗೆ ಅದು ಅರ್ಥವಾಗದೆ ಇರುವುದಿಲ್ಲ.

ನಾನು ಬಲ್ಲ ಅಂಥದೊಂದು ಸಮುಚ್ಚಯದಲ್ಲಿ ಯುಗಾದಿ ಕಳೆದ ಕೆಲವು ದಿನಗಳಿಗೆ ಒಂದು ಸುತ್ತೋಲೆ ಹೊರಟಿತು. ಬಾಗಿಲುಗಳಿಗೆ ಕಟ್ಟಿರುವ ಮಾವಿನ ತೋರಣಗಳು ಒಣಗಿ ಮುದುಡಿ ಕಾರಿಡಾರಿನ ಅಂದವನ್ನು ಕೆಡಿಸುತ್ತಿರುವುದರಿಂದ ಅವುಗಳನ್ನು ಮೂರು ದಿನಗಳೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ದಂಡ ವಿಧಿಸಲಾಗುವುದು ಎಂಬುದು ಅದರ ಸಾರ. ಅದರ ಪಕ್ಕದಲ್ಲೇ ಇನ್ನೊಂದು ಸುತ್ತೋಲೆ. ಲಾಬಿಗೆ ನೈಸರ್ಗಿಕ ಕಳೆ ತರುವ ಸಲುವಾಗಿ ಅಲ್ಲಿ ಒಣಹೂಗಳ ಜೋಡಣೆಯನ್ನು ಇರಿಸಲಾಗಿದ್ದು, ತಗಲಿದ ವೆಚ್ಚವನ್ನು ನಿರ್ವಹಣಾ ಶುಲ್ಕಕ್ಕೆ ಸೇರಿಸಲಾಗಿದೆ. ಮಕ್ಕಳು ಮುಟ್ಟಿ ಉದುರಿಸದಂತೆ ಪೋಷಕರು ನೋಡಿಕೊಳ್ಳತಕ್ಕದ್ದು. ಎರಡರ ಕೆಳಗೂ ಒಬ್ಬರೇ ಕಾರ್ಯದರ್ಶಿಗಳ ಸಹಿಯಿತ್ತು, ದಿನಾಂಕವೂ ಒಂದೇ.

ಜೋಡಣೆಯೇನೋ ಭರ್ಜರಿಯಾಗಿಯೇ ಇದೆ. ಸೊಂಟದೆತ್ತರದ ಪಿಂಗಾಣಿ ಕುಂಡದಲ್ಲಿ, ಬೀಸಣಿಗೆಯ ಆಕಾರಕ್ಕೆ ಕತ್ತರಿಸಿ ಬಣ್ಣ ತೆಗೆದ ತಾಳೆಗರಿ, ಬೀಜವೆಲ್ಲ ಉದುರಿ ತೂತು ಮಾತ್ರ ಉಳಿದಿರುವ ತಾವರೆಕಾಯಿ, ಒಡೆದ ಹತ್ತಿಕಾಯಿಗಳಿರುವ ಕಡ್ಡಿ, ಇವೆಲ್ಲದರ ನೆತ್ತಿಯ ಮೇಲೆ ತಲೆಯೆತ್ತಿ ನಿಂತಿರುವ ಪಂಪಾಸ್ ಹುಲ್ಲಿನ ಕುಚ್ಚುಗಳು. ಹತ್ತಿಯ ಕಡ್ಡಿಯನ್ನು ಉತ್ತರ ಕರ್ನಾಟಕದ ರೈತರು ಬಿಡಿಸುವುದೆಲ್ಲ ಮುಗಿದ ಮೇಲೆ ಕಿತ್ತು ಒಲೆಗೆ ಹಾಕುತ್ತಾರೆ, ಇಲ್ಲವೇ ಹೊಲದಲ್ಲೇ ಸುಡುತ್ತಾರೆ. ಅದೇ ಕಡ್ಡಿ ಇಲ್ಲಿ ಕಾಗದದ ಹೊದಿಕೆ ಸುತ್ತಿಕೊಂಡು ಅರ್ಧ ಡಜನ್ನಿನ ಲೆಕ್ಕದಲ್ಲಿ ಬಂದಿಳಿಯುತ್ತದೆ. ಅದನ್ನು ತರಿಸಿಕೊಂಡವರಲ್ಲಿ ಕೆಲವರ ಅಪ್ಪಂದಿರು ಹಾವೇರಿ, ರಾಯಚೂರುಗಳ ಕಡೆ ಈಗಲೂ ಅದನ್ನು ಸುಡುತ್ತಲೇ ಇದ್ದಾರು; ಮಕ್ಕಳು ಮಾಡುವ ಖರ್ಚಿನ ವಿವರ ಅವರಿಗೆ ತಿಳಿಯದಿರುವುದೇ ಕ್ಷೇಮ.

ಪಂಪಾಸ್ ಹುಲ್ಲಿನ ವಂಶವೃಕ್ಷ ಇನ್ನೂ ಸೊಗಸಾಗಿದೆ. ಅದರ ತವರು ಅರ್ಜೆಂಟೀನಾ, ಉರುಗ್ವೆ ಮೊದಲಾದ ದಕ್ಷಿಣ ಅಮೆರಿಕದ ನಾಡುಗಳು. ಒಂದೊಂದು ಕುಚ್ಚಿನಲ್ಲೂ ಲಕ್ಷದಷ್ಟು ಬೀಜ ಇರಬಲ್ಲುದಾದ್ದರಿಂದ ಅದು ಗಾಳಿ ಬೀಸಿದ ಕಡೆಗೆಲ್ಲ ಹಬ್ಬುತ್ತದೆ. ಕ್ಯಾಲಿಫೋರ್ನಿಯಾದವರು ಅದನ್ನು ಕಳೆಯೆಂದು ಕೀಳಿಸುತ್ತಿದ್ದರೆ, ನ್ಯೂಜಿಲೆಂಡಿನಲ್ಲಿ ಅದನ್ನು ಬೆಳೆಸುವುದಕ್ಕೂ ಮಾರುವುದಕ್ಕೂ ನಿಷೇಧವಿದೆ. ನಮ್ಮಲ್ಲಿ ಅದಕ್ಕೆ ಸ್ವಾಗತ ಕೋರಲು ಲಾಬಿಯಲ್ಲಿ ದೀಪದ ವ್ಯವಸ್ಥೆಯೂ ಆಗಿದೆ. ಮೂರನೆಯ ಮಹಡಿಯಲ್ಲಿ ಮಗನ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಲಿಫ್ಟಿಗಾಗಿ ಕಾಯುತ್ತ ಅದನ್ನು ಬಹಳ ಹೊತ್ತು ನೋಡಿ, "ಪೊರಕೆಯನ್ನು ಹೀಗೆ ತಲೆಕೆಳಗಾಗಿ ನಿಲ್ಲಿಸಬಾರದಪ್ಪ, ಮನೆಗೆ ಒಳ್ಳೆಯದಲ್ಲ" ಎಂದು ಕಾರ್ಯದರ್ಶಿಗಳಿಗೇ ಬುದ್ಧಿ ಹೇಳಿದರು. ಸಸ್ಯಶಾಸ್ತ್ರದ ದೃಷ್ಟಿಯಿಂದ ಅಜ್ಜಿಯ ಮಾತಿನಲ್ಲಿ ಹೆಚ್ಚಿನ ತಪ್ಪಿಲ್ಲ. ನಾವು ಮನೆ ಗುಡಿಸುವ ಹುಲ್ಲಿನ ಪೊರಕೆಯೂ ಬೆಟ್ಟಗಾಡಿನಲ್ಲಿ ಬೆಳೆಯುವ ಒಂದು ಹುಲ್ಲಿನ ಒಣಗಿಸಿದ ಹೂಗೊಂಚಲೇ. ಆದರೆ ಅದರಿಂದ ಕೆಲಸವಾಗುತ್ತದೆ ಎಂಬ ಕಾರಣಕ್ಕೆ ಅದರ ಸ್ಥಾನ ಬಾಗಿಲ ಸಂದಿಯಲ್ಲಿ.

ಒಣಹೂವಿನ ಕಲೆಯನ್ನೇ ಹಳಿಯುವ ಉದ್ದೇಶ ನನ್ನದಲ್ಲ. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಬಾರಿ, ಗಣರಾಜ್ಯೋತ್ಸವಕ್ಕೆ ಮತ್ತು ಸ್ವಾತಂತ್ರ್ಯೋತ್ಸವಕ್ಕೆ ಫಲಪುಷ್ಪ ಪ್ರದರ್ಶನ ನಡೆಯುವಾಗ ಇಕೆಬಾನ, ತರಕಾರಿ ಕೆತ್ತನೆ, ಪುಷ್ಪ ರಂಗೋಲಿಗಳ ಜೊತೆಯಲ್ಲಿ ಒಣಹೂವಿನ ಜೋಡಣೆಗೂ ಸ್ಪರ್ಧೆ ಇರುತ್ತದೆ. ಅದರಲ್ಲಿ ಭಾಗವಹಿಸುವವರು ಹೂವನ್ನು ಸಿಲಿಕಾ ಜೆಲ್ಲಿನಲ್ಲಿ ಹೂತು, ಎಸಳು ಮುದುಡದಂತೆ ತೇವ ಹೀರಿಸಿ, ಬಲು ನಾಜೂಕಾಗಿ ಕೆಲಸ ಮಾಡುತ್ತಾರೆ. ಭಾರತದ ಪುಷ್ಪ ರಫ್ತಿನಲ್ಲಿಯೂ ಒಣಹೂಗಳ ಪಾಲು ದೊಡ್ಡದು. ತೂತುಕುಡಿ ಮತ್ತು ಕೋಲ್ಕತ್ತಾಗಳಲ್ಲಿ ಅದನ್ನೇ ನಂಬಿ ಬದುಕುವ ಕುಟುಂಬಗಳಿವೆ. ಅವರ ಅನ್ನಕ್ಕೆ ಕಲ್ಲು ಹಾಕುವುದು ಬೇಡ. ನನ್ನ ತಕರಾರು ಏನಿದ್ದರೂ ಸುತ್ತೋಲೆಯೊಂದಿಗೆ.

ಅದೇ ಸಮುಚ್ಚಯದ ಏಳನೆಯ ಮಹಡಿಯಲ್ಲಿ ದಕ್ಷಿಣ ಕನ್ನಡದ ಒಂದು ಕುಟುಂಬವಿದೆ. ಅವರು ನವರಾತ್ರಿಗೆ ಊರಿಗೆ ಹೋದಾಗ ತಂದ ಭತ್ತದ ಕದಿರನ್ನು, ಮಾವು ಹಲಸುಗಳ ಎಲೆಯೊಳಗಿಟ್ಟು ನಾರಿನಿಂದ ಬಿಗಿದು, ಬಾಗಿಲ ಮೇಲೆ ಕಟ್ಟಿದ್ದರು. ಹಾಗೆ ಕಟ್ಟಿದ ಕದಿರು ಮುಂದಿನ ವರ್ಷ ಹೊಸ ತೆನೆ ಬರುವ ತನಕ ಅಲ್ಲೇ ಇರಬೇಕು. ಕೊಡಗಿನವರು ಹುತ್ತರಿಯಂದು ರಾತ್ರಿ ಗದ್ದೆಯಿಂದ ತಂದು ಕಟ್ಟುವುದೂ, ಕರಾವಳಿಯ ಕ್ರೈಸ್ತರು ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವದಿಸಿದ ತೆನೆಯನ್ನು ಮನೆಗೆ ಒಯ್ಯುವುದೂ ಇಂಥದೇ ಸಂಪ್ರದಾಯ. ಸಮುಚ್ಚಯದ ತಪಾಸಣಾ ಸಮಿತಿಯ ಕಣ್ಣಿಗೆ ಅದು ಗುಬ್ಬಚ್ಚಿ ಗೂಡಿನಂತೆ ಕಂಡಿತು. ಮನೆಯವರ ಮಗಳು ಜಾಣೆ. ಅದನ್ನು ಬಿಚ್ಚಿ, ಗಾಜಿನ ಹೂಜಿಯಲ್ಲಿ ನಿಲ್ಲಿಸಿ, ಕುತ್ತಿಗೆಗೆ ಗೋಣಿದಾರ ಕಟ್ಟಿ, ಬಾಗಿಲ ಪಕ್ಕದ ಮಣೆಯ ಮೇಲಿಟ್ಟಳು. ಸಮಿತಿಯ ಸದಸ್ಯೆಯೊಬ್ಬರು ಎಲ್ಲಿಂದ ತರಿಸಿದಿರಿ, ಎಷ್ಟಾಯಿತು ಎಂದು ವಿಚಾರಿಸಿ, ತಮಗೂ ಒಂದು ಬೇಕೆಂದರಂತೆ.

ಆವರಣದ ಮರಗಳ ಪಾಡಂತೂ ಕೇಳಬೇಡಿ. ಹೊಂಗೆ ಮತ್ತು ಮಹಾಗನಿಗಳು ಎಲೆ ಉದುರಿಸುವ ಕಾಲಕ್ಕೆ ಕಾರುಗಳ ಮೇಲೆ ಒಣ ಎಲೆ ಬೀಳುತ್ತಿದೆಯೆಂಬ ದೂರುಗಳ ಮೇಲೆ ದೂರು ಬಂದು, ಕೊಂಬೆ ಕಡಿಸಲು ಸರ್ವಸದಸ್ಯರ ಸಭೆ ಅನುಮತಿ ನೀಡಿತು. ಅದೇ ಸಭೆಯ ವೇದಿಕೆಯ ಮೇಲೆ, ಗಣ್ಯರ ಮುಂದೆ, ಒಡೆದ ಮಹಾಗನಿ ಕಾಯಿಗಳನ್ನು ಒಣ ಎಲೆಗಳ ನಡುವೆ ಜೋಡಿಸಿದ ತಟ್ಟೆಯೊಂದು ಶೋಭಿಸುತ್ತಿತ್ತು. ಅದು ಹೊರಗಿನಿಂದ ತರಿಸಿದ್ದು. ಅಂದು ಹಬ್ಬ ಕಳೆದ ಮಾರನೆಯ ವಾರ, ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆಗೂ ಚೆಂಡುಹೂವಿಗೂ ಕೇಳುವವರಿಲ್ಲದೆ, ಸಾಗಣೆಯ ಬಾಡಿಗೆಯೂ ಹುಟ್ಟದೆ, ಬೆಳೆಗಾರರು ಮೂಟೆಗಟ್ಟಲೆ ಹೂವನ್ನು ರಸ್ತೆಯ ಬದಿಗೆ ಸುರಿದು ಹೋಗಿದ್ದರು. ತಾಜಾ ಹೂವಿಗೆ ಇರುವ ದೋಷವೆಂದರೆ ಅದು ಸಾಯುವುದನ್ನು ನಾವೇ ನೋಡಬೇಕಾಗುತ್ತದೆ. ಒಣಹೂವಿನಲ್ಲಿ ಆ ಕೆಲಸವನ್ನು ಕಂಪನಿಯೇ ಮುಗಿಸಿ ಕಳುಹಿಸುತ್ತದೆ.

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಲಾಬಿಯ ಪಂಪಾಸ್ ತೇವ ಹೀರಿ ಜೋಲುಬಿದ್ದಿತು, ತಾವರೆಕಾಯಿಗಳ ತೂತಿನಲ್ಲಿ ಬೂಷ್ಟು ಕಾಣಿಸಿಕೊಂಡಿತು, ಕಾವಲುಗಾರ ಇಡೀ ಪಾಳಿ ಸೀನತೊಡಗಿದ. ಕೊನೆಗೆ ಅದನ್ನು ಹೊರಗೆ ಹಾಕಬೇಕೆಂದು ತೀರ್ಮಾನವಾಯಿತಾದರೂ ಯಾವುದಕ್ಕೆ ಹಾಕಬೇಕೆಂಬ ಪ್ರಶ್ನೆ ಎದ್ದಿತು. ಹಸಿರು ಬುಟ್ಟಿಗೆ ಹಾಕೋಣವೆಂದರೆ, ಬಣ್ಣ ತೆಗೆಯಲು ರಾಸಾಯನಿಕ, ಬಣ್ಣ ಕೊಡಲು ಇನ್ನೊಂದು ರಾಸಾಯನಿಕ, ಎಳೆ ಉದುರದಿರಲು ಕೂದಲಿಗೆ ಹೊಡೆಯುವ ಸ್ಪ್ರೇ, ಇಷ್ಟನ್ನೂ ಕುಡಿದಿರುವ ಹುಲ್ಲು ಗೊಬ್ಬರದ ಗುಂಡಿಗೆ ಬೇಡ. ಮರುಬಳಕೆಯ ಚೀಲಕ್ಕೆ ಹಾಕಿದರೆ ಕಸ ಆಯುವವರು ಅದನ್ನು ಎತ್ತಿ ಬದಿಗಿಡುತ್ತಾರೆ. ಉಳಿದದ್ದು ಡಯಾಪರ್‌ಗಳು ಹೋಗುವ ಕೆಂಪು ಬುಟ್ಟಿ. ಕಸದ ಆಟೋದ ಪೌರಕಾರ್ಮಿಕರು ಕುಚ್ಚನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಹಿಡಿ ಕಟ್ಟಿದ್ದರೆ ಗುಡಿಸೋಕಾದ್ರೂ ಆಗ್ತಿತ್ತು ಸಾರ್" ಎಂದು ಅದರೊಳಕ್ಕೆ ತುರುಕಿದರು.

ಇಂಥ ನಷ್ಟ ಮರುಕಳಿಸಬಾರದೆಂದು ಸಂಘವು ಈ ಸಲ ಪ್ಲಾಸ್ಟಿಕ್‌ನಲ್ಲಿ ತಯಾರಾದ ಒಣಹೂಗಳನ್ನು ತರಿಸಲು ಒಮ್ಮತದಿಂದ ನಿರ್ಣಯಿಸಿದೆ. ಅವು ಬಾಡಿದ ಹೂವಿನಂತೆಯೇ ಕಾಣುತ್ತವೆ, ಮತ್ತು ಎಂದಿಗೂ ಬಾಡುವುದಿಲ್ಲ ಎಂದು ಮಾರಾಟಗಾರರು ಭರವಸೆ ಕೊಟ್ಟಿದ್ದಾರೆ. ಮಾಸಿದ ಬಿಳಿಯನ್ನು ಕೊಳ್ಳಬೇಕೋ ಮಾಸಿದ ಗುಲಾಬಿಯನ್ನು ಕೊಳ್ಳಬೇಕೋ ಎಂಬ ವಿಷಯದಲ್ಲಿ ಮಾತ್ರ ಭಿನ್ನಾಭಿಪ್ರಾಯ ತಲೆದೋರಿದ್ದರಿಂದ, ಅದನ್ನು ಪರಿಶೀಲಿಸಿ ವರದಿ ಸಲ್ಲಿಸಲು ಐವರ ಉಪಸಮಿತಿಯೊಂದನ್ನು ರಚಿಸಲಾಗಿದೆ.