ಪಾರ್ಕರ್‌ಗೆ ಭಾವನೆ ಇಲ್ಲ ಅನ್ನೋದನ್ನ ಒಪ್ಪಲ್ಲ

ಅಮೆರಿಕದ ಕ್ರೈಂ ಕಾದಂಬರಿಗಳ ಕಳ್ಳ ನಾಯಕ ಪಾರ್ಕರ್ ಬಗ್ಗೆ ‘ಬರೀ ಯಂತ್ರ, ಓದುಗರಿಗೆ ಹತ್ತಿರವಾಗಲ್ಲ’ ಎಂದಿದ್ದೀರಿ. ಅವನ ಮೊದಲ ಕಾದಂಬರಿ ‘ದಿ ಹಂಟರ್’ನ (1962) ಮೊದಲ ಪುಟವನ್ನೇ ಇನ್ನೊಮ್ಮೆ ನೋಡಿ. ನ್ಯೂಯಾರ್ಕ್‌ನ ಜಾರ್ಜ್ ವಾಷಿಂಗ್ಟನ್ ಸೇತುವೆ ಮೇಲೆ ನಡೆದು ಬರುತ್ತಿದ್ದಾನೆ. ಷೆವಿ ಕಾರಿನವನೊಬ್ಬ ಪಾಪ, ಹತ್ತಿಸಿಕೊಳ್ತೀನಿ ಅಂತಾನೆ. ಇವನು ಬೈದು ಕಳಿಸುತ್ತಾನೆ. ಆ ಸಿಟ್ಟು ಭಾವನೆ ಅಲ್ವಾ? ಸುಮ್ನೆ ಹೇಳಿಕೊಂಡು ತಿರುಗಲ್ಲ, ಅಷ್ಟೇ. ತನಗೆ ಬರಬೇಕಾದ 45,000 ಡಾಲರ್‌ಗಾಗಿ ದೊಡ್ಡ ಗ್ಯಾಂಗನ್ನೇ ಎದುರು ಹಾಕಿಕೊಳ್ಳುತ್ತಾನೆ. ಕೂಲಿ ಕೊಡದೆ ಸತಾಯಿಸಿದವರ ಬಾಗಿಲಲ್ಲಿ ನಿಂತವರಿಗೆ ಆ ಹಟ ಚೆನ್ನಾಗಿ ಗೊತ್ತು. ನಾನೂ ನಿಂತಿದ್ದೇನೆ. ಲೇಖಕ ಡೊನಾಲ್ಡ್ ವೆಸ್ಟ್‌ಲೇಕ್ ಮೊದಲು ಇವನನ್ನು ಕೊನೆಗೆ ಪೊಲೀಸರಿಗೆ ಹಿಡಿದುಕೊಟ್ಟಿದ್ದರು. ತಪ್ಪಿಸಿಕೊಳ್ಳಲಿ, ಇನ್ನೂ ಬರೆಯಿರಿ ಎಂದವರು ಪ್ರಕಾಶನದ ಸಂಪಾದಕರು. ಯಂತ್ರವಾಗಿದ್ದರೆ ಅವರಿಗೆ ಹಾಗನ್ನಿಸುತ್ತಿತ್ತಾ? ವೆಸ್ಟ್‌ಲೇಕ್ ಅವರ ಕಾವ್ಯನಾಮ ರಿಚರ್ಡ್ ಸ್ಟಾರ್ಕ್ ಹೆಸರಲ್ಲಿ 2008ರವರೆಗೆ 24 ಪಾರ್ಕರ್ ಕಾದಂಬರಿ ಬಂದವು.